ಕಂಪ್ಯೂಟರಿಗೆ ರೊಪ್ಪದ ಕಾನೂನು

ಮೊನ್ನೆ ಗುರುವಾರ ಸಂಜೆ ಹೊಸದುರ್ಗದ ನಮ್ಮ ಮನೆಯಲ್ಲಿ ಮಕ್ಕಳ ಅಂಕಪಟ್ಟಿ ತುಂಬುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಪರದೆಯ ತುಂಬ ಕೆಂಪು ಚೌಕವೊಂದು ಬಂದು ಕೂತಿತು. ನಿಮ್ಮ ಕಂಪ್ಯೂಟರು ಅಪಾಯದಲ್ಲಿದೆ, ಬಂದ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ಕಿಂಯ್ ಕಿಂಯ್ ಸದ್ದಿನ ಜೊತೆಗೆ ಗೋಗರೆಯತೊಡಗಿತು. ನನ್ನ ಕೈ ತಲೆಯನ್ನು ಒಂದು ಮಾತೂ ಕೇಳಲಿಲ್ಲ. ಎದ್ದು ಗೋಡೆಯ ಪ್ಲಗ್ಗನ್ನೇ ಕಿತ್ತೆ. ಒಂದು ತಾಸಿನ ಅಂಕಗಳು ಕತ್ತಲಾದವು. ಅಷ್ಟಕ್ಕೇ ಬಿಡದೆ ಅಡುಗೆಮನೆಗೆ ಓಡಿ, ಮೇಲಿನ ಹಲಗೆಯಿಂದ ಮೆಂತ್ಯದ ಡಬ್ಬಿ ಇಳಿಸಿ, ಒಳಗೆ ಕೈಹಾಕಿ ತಡಕಿದೆ. ಇತ್ತು. ಕಂಬಳಿ ತುಂಡಿನಲ್ಲಿ ಸುತ್ತಿ ದಾರ ಬಿಗಿದ ಪೆನ್‌ಡ್ರೈವ್ ಇದ್ದಲ್ಲೇ ಇತ್ತು.

ಒಲೆಯ ಮುಂದಿದ್ದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು. "ಅಯ್ಯ, ಚಿಕ್ಕಮಾವ ಏನಾದ್ರೂ ಮೈಮ್ಯಾಲೆ ಬಂದ್ರೇನ್ರಿ?" ಎಂದಳು.

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನಗೆ ಅನುಮಾನ ಪಡುವುದನ್ನು ಕಲಿಸಿದವರು ನಮ್ಮ ಚಿಕ್ಕಪ್ಪ ಚಿತ್ತಯ್ಯನವರು. ಕಲಿತದ್ದು ತಡವಾಗಿ, ಅದೂ ಅವರ ಮನೆಯ ಕಂಪ್ಯೂಟರನ್ನು ನನ್ನ ಕೈಯಾರೆ ಹಾಳು ಮಾಡಿದ ಮೇಲೆ. ಮೆಂತ್ಯದ ಡಬ್ಬಿಯ ಕಥೆ ಹೇಳಬೇಕಾದರೆ ಆ ಅವಮಾನವನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ. ನೀವು ನಗುವುದಾದರೆ ನಗಿ, ನನ್ನ ಅಭ್ಯಂತರವೇನಿಲ್ಲ.

ನಮ್ಮದು ಆದಿವಾಲದ ಆಚೆಯ ಹಟ್ಟಿಯೊಂದರ ಕುರಿ ಕಾಯುವ ಮನೆತನ. ತಾತ ಬದುಕಿನ ಅರ್ಧವನ್ನು ಮಂದೆಯ ಹಿಂದೆ ನಡೆದೇ ಕಳೆದವನು. ನಮ್ಮಪ್ಪ ಹೊಲ ನೋಡಿಕೊಂಡ. ಚಿಕ್ಕಪ್ಪ ಮಾತ್ರ ನಾಲ್ಕಕ್ಷರ ಕಲಿತು ನೀರಾವರಿ ಇಲಾಖೆಯಲ್ಲಿ ನೀರುಗಂಟಿಯಾದರು. ಯಾರ ಹೊಲಕ್ಕೆ ಯಾವ ಹೊತ್ತಿಗೆ ನಾಲೆಯ ನೀರು ಬಿಡಬೇಕೆಂದು ನೋಡಿಕೊಳ್ಳುವ ಕೆಲಸ. ಆ ಕೆಲಸದಲ್ಲಿ ಮನುಷ್ಯನಿಗೆ ಅನುಮಾನ ಹೆಚ್ಚದೆ ಇರಲು ಸಾಧ್ಯವಿಲ್ಲ. ನೀರು ಕದಿಯುವವರೆಲ್ಲ ನಗುನಗುತ್ತಲೇ ಮಾತಾಡಿಸುತ್ತಾರೆ. ನಿವೃತ್ತಿಯಾದ ಮೇಲೆ ಡ್ಯಾಮಿರುವ ಮಾರಿಕಣಿವೆಯಲ್ಲೇ ಚಿಕ್ಕ ಮನೆ ಕಟ್ಟಿಕೊಂಡು ಚಿಕ್ಕಮ್ಮನ ಜೊತೆ ನೆಲೆ ನಿಂತರು. ಹಿರಿಯೂರಿನಲ್ಲಿ ಮುಚ್ಚುತ್ತಿದ್ದ ಒಂದು ಇಂಟರ್ನೆಟ್ ಅಂಗಡಿಯಿಂದ ಹಳೆಯ ಕಂಪ್ಯೂಟರು ತಂದು ಪಡಸಾಲೆಯಲ್ಲಿ ಇಟ್ಟುಕೊಂಡರು. ಊರವರು ಸಿನಿಮಾ ನೋಡಲು ಅಂದುಕೊಂಡರು. ಅವರು ತಂದದ್ದು ದಾರಿ ಬರೆಯಲು.

ದಾರಿ ಎಂದರೆ ತಾತ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಬೇಸಿಗೆ ಬಂತೆಂದರೆ ಮೇವು ಹುಡುಕಿಕೊಂಡು ಹಟ್ಟಿಯಿಂದ ಹೊರಟು, ಹೊಸದುರ್ಗದ ತೆಂಗಿನ ತೋಟಗಳ ಬದಿಯಲ್ಲಿ ಹಾದು, ಹೊಳಲ್ಕೆರೆ ದಾಟಿ, ಗದ್ದೆ ಬಯಲಿನ ಕಡೆ ಹೋಗಿ, ಮಳೆ ಬಿದ್ದ ಸುದ್ದಿ ತಿಳಿದ ಮೇಲೆ ತಿರುಗಿ ಬರುವುದು. ಯಾವ ಬಾವಿಯ ನೀರು ಕುಡಿದರೆ ಕುರಿಗೆ ಹೊಟ್ಟೆ ಉಬ್ಬರಿಸುತ್ತದೆ, ಯಾವ ಊರಿನ ಗೌಡ ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಮಂದೆ ಕೂರಿಸಲು ತಾನಾಗಿ ಬಂದು ಕರೆಯುತ್ತಿದ್ದ, ಯಾವ ಬೇಲಿಯ ಪಕ್ಕ ತಾತನ ನಾಯಿಯನ್ನು ಮಣ್ಣು ಮಾಡಿದರು, ಎಲ್ಲವನ್ನೂ ಚಿಕ್ಕಪ್ಪ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ನಾಲ್ಕು ವರ್ಷದಲ್ಲಿ ಇನ್ನೂರು ಚಿಲ್ಲರೆ ಪುಟ ಮಾಡಿದ್ದರು. ಮೊದಲ ಪುಟದಲ್ಲೇ ಅವರು ಹುಟ್ಟಿದ ಜಾಗ ಇತ್ತು. ಹುಟ್ಟಿದ್ದು ಮನೆಯಲ್ಲಲ್ಲ, ಹೊಳಲ್ಕೆರೆಯಿಂದ ಎರಡು ಹರದಾರಿ ಆಚೆ, ಬಾವಿಯ ಪಕ್ಕದ ಹುಣಸೆಮರದ ಕೆಳಗೆ. ಅಜ್ಜಿ ಮೂರು ದಿನ ಅಲ್ಲೇ ಇದ್ದು, ನಾಲ್ಕನೆಯ ದಿನ ಕೂಸನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಮಂದೆಯ ಹಿಂದೆ ನಡೆದಳಂತೆ. ತಾತ ಇಲ್ಲ, ಅಜ್ಜಿ ಇಲ್ಲ, ನಮ್ಮಪ್ಪನೂ ಹೋದ. ಆ ದಾರಿಯ ಮೇಲೆ ಈಗ ಹೆದ್ದಾರಿ ಹಾದಿದೆ, ಗುಡ್ಡದ ಮೇಲೆ ಗಾಳಿ ಗಿರಣಿಗಳು ತಿರುಗುತ್ತಿವೆ. ದಾರಿ ಪೂರ್ತಿಯಾಗಿ ಉಳಿದಿದ್ದದ್ದು ಎರಡೇ ಕಡೆ, ಚಿಕ್ಕಪ್ಪನ ತಲೆಯಲ್ಲಿ ಮತ್ತು ಆ ಕಂಪ್ಯೂಟರಿನಲ್ಲಿ. ತಲೆಯ ಮೇಲೆ ಅವರಿಗೆ ನಂಬಿಕೆ ಕಡಿಮೆಯಾಗುತ್ತಿತ್ತು. ಅದಕ್ಕೇ ಕಂಪ್ಯೂಟರಿಗೆ ಅಷ್ಟು ಕಾವಲು.

ಕಾವಲೆಂದರೆ ಸಾಮಾನ್ಯ ಕಾವಲಲ್ಲ. ಅದಕ್ಕೆ ಅವರು ಹೇರಿದ್ದು ರೊಪ್ಪದ ಕಾನೂನು. ರೊಪ್ಪವೆಂದರೆ ಮುಳ್ಳುಬೇಲಿ ಕಟ್ಟಿ ಕುರಿ ಕೂಡುವ ಜಾಗ. ಸಂತೆಯಿಂದ ತಂದ ಹೊಸ ಕುರಿಯನ್ನು ನಮ್ಮವರು ನೇರವಾಗಿ ರೊಪ್ಪಕ್ಕೆ ಬಿಡುವುದಿಲ್ಲ, ದೂರದಲ್ಲಿ ಕಟ್ಟಿ ಕೆಲವು ದಿನ ನೋಡುತ್ತಾರೆ. ಚಿಕ್ಕಪ್ಪನ ಮನೆಗೆ ಬಂದ ಪೆನ್‌ಡ್ರೈವಿಗೂ ಅದೇ ಗತಿ. ನಾನೊಮ್ಮೆ ಶಾಲೆಯಿಂದ ಒಂದನ್ನು ತಂದುಕೊಟ್ಟಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು.

"ಒಂಬತ್ ದಿನ ಅಲ್ಲೇ ಇರ್ಲಿ," ಎಂದರು.

ನಾನು ಬಿದ್ದು ಬಿದ್ದು ನಕ್ಕೆ. "ಚಿಕ್ಕಪ್ಪ, ವೈರಸ್ಸು ಒಂಬತ್ತು ದಿನ ಉಪವಾಸ ಕೆಡವಿದ್ರೆ ಸಾಯೋದಿಲ್ರೀ."

"ಸಾಯ್ಲಿ ಅಂತ ಅಲ್ಲ ಕಣಲೇ. ಇದನ್ನ ಹಾಕ್ತಿದ್ದ ನಿಮ್ ಶಾಲೆ ಕಂಪ್ಯೂಟರು ಒಂಬತ್ ದಿನದಾಗೆ ಕೆಟ್ಟು ಕುಂತ್ರೆ ನಂಗೆ ಸುದ್ದಿ ಬರ್ತೈತೆ. ಸುದ್ದಿ ಬರಾಕೆ ಟೈಮ್ ಕೊಡಬೇಕಪ್ಪ."

ಆದರೂ ನಾನು ನಗುವುದನ್ನು ಬಿಡಲಿಲ್ಲ. ನಾನು ಹತ್ತು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ ಸಮಾಜವಿಜ್ಞಾನದ ಮೇಷ್ಟ್ರು. ಶಾಲೆಯಲ್ಲಿ ಪ್ರಿಂಟರು ನಿಂತರೆ ನನ್ನನ್ನೇ ಕರೆಯುತ್ತಿದ್ದರು. ಕಾಗದ ಸಿಕ್ಕಿಕೊಂಡದ್ದನ್ನು ಎಳೆದು ತೆಗೆದಾಗಲೆಲ್ಲ ನನ್ನ ಕಾಲರು ಅರ್ಧ ಅಂಗುಲ ಮೇಲೇರುತ್ತಿತ್ತು.

ಚಿಕ್ಕಪ್ಪನ ಅನುಮಾನಕ್ಕೆ ಮೇಲು ಕೀಳು ಇರಲಿಲ್ಲ. ಕ್ಯಾಮೆರಾದ ಕಣ್ಣಿಗೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು. ಪಾಸ್‌ವರ್ಡಿಗೆ ತಾತನ ಕಾಲದ ಕುರಿಗಳ ಹೆಸರು ಇಡುತ್ತಿದ್ದರು, ಪ್ರತಿ ಅಮಾವಾಸ್ಯೆಗೆ ಕುರಿ ಬದಲಾಗುತ್ತಿತ್ತು, ಚಿಕ್ಕಮ್ಮನಿಗೂ ಹೇಳುತ್ತಿರಲಿಲ್ಲ. ಕಂಪ್ಯೂಟರು ತಾನಾಗಿ ಅಪ್‌ಡೇಟ್ ಕೇಳಿದರೆ "ಯಾರಪ್ಪ ಇವ್ನು, ಕರೀದೆ ಬಂದು ಮನೆ ರಿಪೇರಿ ಮಾಡ್ತೀನಿ ಅಂತಾನೆ" ಎಂದು ಬೈಯುತ್ತಿದ್ದರು. ನಾನೇ ಹಾಕಿಕೊಟ್ಟ ವೈರಸ್ ತಡೆಯುವ ತಂತ್ರಾಂಶದ ಮೇಲೂ ನಂಬಿಕೆಯಿಲ್ಲ. ಅದು ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ತಿಂಗಳುಗಟ್ಟಲೆ ಸುಮ್ಮನೆ ಕೂತದ್ದು ಅವರಿಗೆ ಸರಿ ಕಾಣಲಿಲ್ಲ. "ನಾಯಿ ಒಂದ್ ದಿನಾನೂ ಬೊಗಳ್ಲಿಲ್ಲ ಅಂದ್ರೆ ಯಾರೋ ಏನೋ ತಿನ್ಸವ್ರೆ," ಎಂದು ಅದನ್ನು ದುರುಗುಟ್ಟಿ ನೋಡುತ್ತಿದ್ದರು.

ಒಮ್ಮೆ ಮಾತ್ರ ಅವರು ನನ್ನ ಮುಂದೆ ಬೇಡುವ ದನಿಯಲ್ಲಿ ಮಾತಾಡಿದರು. ಅದನ್ನು ನೆನೆದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ನಮ್ಮ ಕಡೆ ಮಂದೆಯಿದ್ದವರು ಎಲ್ಲ ಕುರಿಗಳನ್ನೂ ಒಂದೇ ರೊಪ್ಪದಲ್ಲಿ ಇಡುವುದಿಲ್ಲ. ಒಳ್ಳೆಯ ತಳಿಯ ನಾಲ್ಕು ಹೆಣ್ಣು ಕುರಿಗಳನ್ನು ದೂರದ ನೆಂಟರ ಮಂದೆಯಲ್ಲಿ ಬಿಟ್ಟಿರುತ್ತಾರೆ. ರೋಗ ಬಂದು ಇಡೀ ಮಂದೆ ಹೋದರೂ ಬೀಜ ಉಳಿಯಲಿ ಎಂದು. ಅವುಗಳಿಗೆ ಬೀಜದ ಕುರಿ ಎನ್ನುತ್ತಿದ್ದರು.

"ದಾರಿಗೂ ಒಂದು ಬೀಜದ ಕುರಿ ಮಾಡಿ ಬೇರೆ ಕಡೆ ಇಡಬೇಕಲ್ಲಪ್ಪ. ನಂಗೆ ಮಾಡಾಕೆ ಬರಲ್ಲ. ನೀನೇ ಮಾಡಿಕೊಡು," ಎಂದರು.

"ಅದೇನ್ ಮಹಾ ಕೆಲಸ ಬಿಡ್ರಿ ಚಿಕ್ಕಪ್ಪ, ಎರಡೇ ನಿಮಿಷ. ಮುಂದಿನ ಭಾನುವಾರ ಮಾಡ್ತೀನಿ," ಎಂದೆ. ಎರಡು ನಿಮಿಷದ ಕೆಲಸವಾದ್ದರಿಂದಲೇ ಆ ಭಾನುವಾರ ಮರೆತೆ, ಅದರ ಮುಂದಿನ ಭಾನುವಾರವೂ ಮರೆತೆ. ಅರ್ಧ ದಿನದ ಕೆಲಸವಾಗಿದ್ದರೆ ಮಾಡುತ್ತಿದ್ದೆನೇನೋ. ನನ್ನ ಸೋಮಾರಿತನದ ರೀತಿಯೇ ಅಂಥದ್ದು.

ಇನ್ನು ಆ ದಿನದ ವಿಚಾರ. ಭಾನುವಾರ ಬೆಳಗ್ಗೆ ಹತ್ತು ಗಂಟೆ ಇರಬಹುದು. ಚಿಕ್ಕಪ್ಪ ನಾಲೆಯ ಕಡೆ ತಿರುಗಾಡಲು ಹೋಗಿದ್ದರು, ಚಿಕ್ಕಮ್ಮ ಹಿತ್ತಲಲ್ಲಿದ್ದರು. ಕಂಪ್ಯೂಟರು ನಿಧಾನವಾಗಿದೆ ನೋಡಪ್ಪ ಎಂದು ಹೇಳಿ, ಚಿಕ್ಕಪ್ಪನೇ ಅಪರೂಪಕ್ಕೆ ಬೀಗ ತೆಗೆದು ನನಗೆ ಬಿಟ್ಟುಹೋಗಿದ್ದರು. ಆ ಯಂತ್ರಕ್ಕೆ ಇಂಟರ್ನೆಟ್ ಕೊಡಬಾರದೆಂಬುದು ಅವರ ಕಟ್ಟಪ್ಪಣೆ. ನಾನು ನನ್ನ ಮೊಬೈಲಿನಿಂದ ಸಂಪರ್ಕ ಕೊಟ್ಟು, ಕಂಪ್ಯೂಟರನ್ನು ಪುಕ್ಕಟೆಯಾಗಿ ಗುಡಿಸಿ ಸಾರಿಸುತ್ತೇನೆಂದು ಹೇಳುವ ಒಂದು ತಂತ್ರಾಂಶ ಇಳಿಸಿದೆ. ಅದು ಇಳಿದು ಎರಡು ನಿಮಿಷ ಆಗಿರಲಿಲ್ಲ, ಕೆಂಪು ಚೌಕ ಬಂತು. ಚಿಕ್ಕಪ್ಪ ಬರುವ ಮೊದಲು ಸರಿಮಾಡಿಬಿಡೋಣವೆಂದು ಅದರಲ್ಲಿದ್ದ ನಂಬರಿಗೆ ಫೋನ್ ಹಚ್ಚಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂಜೆ ಹೊತ್ತು ಮಂದೆಯ ಹತ್ತಿರ ಅಪರಿಚಿತನೊಬ್ಬ ಬಂದರೆ ತಾತ ಮೂರು ಪ್ರಶ್ನೆ ಕೇಳುತ್ತಿದ್ದನಂತೆ. ಯಾವೂರು, ಯಾರ ಪೈಕಿ, ಬರುವ ದಾರಿಯಲ್ಲಿ ಕೆರೆಯ ನೀರು ಎಷ್ಟಿತ್ತು. ಮೊದಲೆರಡಕ್ಕೆ ಯಾರು ಬೇಕಾದರೂ ಸುಳ್ಳು ಹೇಳಬಹುದು, ನೀರಿನ ಸುದ್ದಿ ಮಾತ್ರ ಆ ದಾರಿಯಲ್ಲಿ ಬಂದವನಿಗೇ ಗೊತ್ತಿರುತ್ತದೆ ಎಂಬ ಲೆಕ್ಕ. ನಮ್ಮ ಜನಕ್ಕೆ ಆ ಮೂರರಲ್ಲಿ ಮೊದಲನೆಯದು ರಕ್ತದಲ್ಲೇ ಉಳಿದಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನನ್ನು ಯಾವೂರೆಂದು ಕೇಳದೆ ಟಿಕೆಟ್ಟನ್ನೂ ತೆಗೆಸುವುದಿಲ್ಲ. ಉಳಿದೆರಡನ್ನು ನಾವು ಓದಿದವರು ಎಲ್ಲೋ ಬಿಟ್ಟುಬಿಟ್ಟಿದ್ದೇವೆ.

ಫೋನೆತ್ತಿದವನು ಬಹಳ ಮರ್ಯಾದೆಯಿಂದ, ಒಳ್ಳೆಯ ಕನ್ನಡದಲ್ಲಿ ಮಾತಾಡಿದ. ಗಾಬರಿಯಾಗಬೇಡಿ ಸರ್ ಎಂದ. ನಾನು ವಾಡಿಕೆಯಂತೆ ಕೇಳಿದೆ, "ನಿಮ್ದು ಯಾವೂರ್ರಿ?"

ಅವನು ಕ್ಷಣ ತಡೆದು, "ನಿಮ್ದು ಯಾವುದು ಸರ್?" ಎಂದ.

"ಇಲ್ಲೇ ಹಿರಿಯೂರು ತಾಲ್ಲೂಕು, ಮಾರಿಕಣಿವೆ."

"ಅಯ್ಯೋ, ನಮ್ದೂ ಹಿರಿಯೂರೇ ಸರ್!"

ನೋಡಿ, ನನ್ನಂಥ ದಡ್ಡ ಇನ್ನೊಬ್ಬನಿರಲಾರ. ಊರು ಹೇಳಿಕೊಟ್ಟವನು ನಾನೇ, ಆ ಊರಿನವನೆಂದು ಖುಷಿಪಟ್ಟವನೂ ನಾನೇ. ನಮ್ಮ ಕಡೆಯ ಹುಡುಗ ಎಲ್ಲೋ ದೊಡ್ಡ ಆಫೀಸಿನಲ್ಲಿ ಕೂತಿದ್ದಾನಲ್ಲ ಎಂದು ಅಭಿಮಾನ ಬೇರೆ ಉಕ್ಕಿತು. ಅವನು ಹೇಳಿದ್ದನ್ನೆಲ್ಲ ಒತ್ತಿದೆ, ಅವನು ಕೇಳಿದ ಅಂಕಿಯನ್ನು ಓದಿ ಹೇಳಿದೆ. ಪರದೆಯ ಮೇಲಿನ ಬಾಣ ನನ್ನ ಕೈಬಿಟ್ಟು ತಾನಾಗಿ ಓಡಾಡತೊಡಗಿತು. ಒಂದೊಂದೇ ಕೋಣೆಯ ಬಾಗಿಲು ತೆಗೆದು ಇಣುಕಿದಂತೆ ಕಡತಗಳನ್ನು ತೆರೆದು ಮುಚ್ಚಿತು. ಮೌಸ್ ಮುಟ್ಟದೆ ಕೈಕಟ್ಟಿ ಕೂತು ನಾನು ಅದನ್ನು ನೋಡುತ್ತಿದ್ದೆ.

"ಯಾರಲೇ ಅದು ಒಳಗೆ?" ಬೆನ್ನ ಹಿಂದೆ ಚಿಕ್ಕಪ್ಪನ ದನಿ ಕೇಳಿತು.

"ಸರಿ ಮಾಡ್ತಾ ಅವ್ರೆ ಚಿಕ್ಕಪ್ಪ. ನಮ್ಮೋರೇ, ಹಿರಿಯೂರೋರು," ಎಂದೆ. ಮೊಬೈಲಿನ ಸ್ಪೀಕರ್ ಹಾಕಿಯೇ ಇತ್ತು. ಚಿಕ್ಕಪ್ಪ ಓಡಾಡುವ ಬಾಣವನ್ನು ನೋಡಿದರು, ಮೊಬೈಲನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬಗ್ಗಿ ಬಹಳ ಮೆತ್ತಗೆ ಕೇಳಿದರು.

"ಏನಪ್ಪ, ಹಿರಿಯೂರೋನಂತೆ. ಡ್ಯಾಮು ಕೋಡಿ ಬಿದ್ದಾಗ ನೋಡಾಕೆ ಬಂದಿದ್ಯಾ?"

"ಯಾವ ಡ್ಯಾಮು ಸರ್?" ಎಂದಿತು ಮೊಬೈಲು.

ಎಷ್ಟೋ ದಶಕಗಳ ಮೇಲೆ ನಮ್ಮ ಜಲಾಶಯ ತುಂಬಿ ಕೋಡಿಯಲ್ಲಿ ನೀರು ಹರಿದಾಗ ಹಿರಿಯೂರಿನಲ್ಲಿ ನಡೆಯಲಾರದ ಮುದುಕಿಯರನ್ನೂ ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬಂದು ತೋರಿಸಿದ್ದರು. ಆ ಊರಿನ ಯಾವನೂ ಕೇಳಬಾರದ ಪ್ರಶ್ನೆ ಅದು. ಚಿಕ್ಕಪ್ಪ ಗೋಡೆಯ ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತರು.

ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಮತ್ತೆ ಹಚ್ಚಿದರೆ ಕಡತಗಳ ಹೆಸರೆಲ್ಲ ಬದಲಾಗಿದ್ದವು, ದಾರಿಯನ್ನು ತೆರೆದರೆ ತಲೆಬುಡವಿಲ್ಲದ ಗುರುತುಗಳ ರಾಶಿ. ಚಿತ್ರದುರ್ಗಕ್ಕೆ ಹೊತ್ತುಕೊಂಡು ಹೋದೆವು. ರಿಪೇರಿಯವರು ಎರಡು ದಿನ ಇಟ್ಟುಕೊಂಡು, "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ ಸಾರ್. ಬೇರೆ ಕಡೆ ಕಾಪಿ ಇಟ್ಟಿದೀರಲ್ಲ?" ಎಂದರು. ನಾನು ನೆಲ ನೋಡಿದೆ. ಚಿಕ್ಕಪ್ಪ "ಅಳಿಸ್ರಿ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಂಪ್ಯೂಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಆಮೇಲೆ ಮೂರು ವಾರ ನಾನು ಮಾರಿಕಣಿವೆಯ ಕಡೆ ತಲೆ ಹಾಕಲಿಲ್ಲ. ಊಟ ಸೇರುತ್ತಿರಲಿಲ್ಲ. ಪಾಠದ ನಡುವೆ ಆ ಹುಣಸೆಮರ ನೆನಪಾಗಿ ಮಾತು ತಪ್ಪುತ್ತಿತ್ತು. ನಮ್ಮಪ್ಪ ಬದುಕಿದ್ದರೆ ಯಾವ ಮುಖ ಇಟ್ಟುಕೊಂಡು ಹೇಳುತ್ತಿದ್ದೆ?

ನಾಲ್ಕನೆಯ ವಾರ ಚಿಕ್ಕಪ್ಪನೇ ಹೊಸದುರ್ಗದ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ನಿಂತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಎರಡೂ ಕಡೆ ಕಣ್ಣಾಡಿಸಿ, ಅಂಗಿಯ ಒಳಜೇಬಿನಿಂದ ಕಂಬಳಿ ತುಂಡಿನ ಗಂಟು ತೆಗೆದು ನನ್ನ ಕೈಗಿಟ್ಟರು.

"ಬೀಜದ ಕುರಿ," ಎಂದರು.

ನನಗೆ ಅರ್ಥವಾಗಲಿಲ್ಲ.

"ನೀನ್ ಬರೋ ಗಂಟ ಕಾಯ್ಕಂಡು ಕುಂತಿದ್ದೆ ಅಂದ್ಕಂಡ್ಯಾ? ಹೊಳಲ್ಕೆರೆ ಬೀಗರ ಕೈಲಿ ಯಾವಾಗ್ಲೋ ಮಾಡಿಸಿಟ್ಟಿದ್ದೆ. ಒಂದು ಅವರತ್ರ ಐತೆ, ಇದು ನಿನ್ ಹತ್ರ ಇರ್ಲಿ. ಆದ್ರೆ ಒಂದ್ ಮಾತು. ಯಾವ ಕಂಪ್ಯೂಟರಿಗೂ ಇದನ್ನ ಹಾಕಬೇಡ. ನಾನು ಹೇಳೋ ಗಂಟ ಗಂಟು ಬಿಚ್ಚಬೇಡ."

ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ನಲವತ್ತು ದಾಟಿದ ಮೇಷ್ಟ್ರು ಬೀದಿ ಬಾಗಿಲಲ್ಲಿ ಅಳುವುದು ಚೆನ್ನಾಗಿರುವುದಿಲ್ಲ, ಆದರೂ ಅತ್ತೆ. ಚಿಕ್ಕಪ್ಪ "ಏನಲೇ ಇದು, ಏಳು, ಚಾ ಕುಡ್ಯಾಣ" ಎಂದು ಒಳಗೆ ನಡೆದರು.

ಆದರೆ ಅನುಮಾನವೆಂಬುದು ನಮ್ಮ ಮನೆತನದ ಕಾಯಿಲೆ, ನನಗೂ ನಿಧಾನವಾಗಿ ಅಂಟಿತು. ದಾರಿ ಸುರಕ್ಷಿತವಾಗಿದ್ದರೆ ಚಿಕ್ಕಪ್ಪ ದಿನಾ ಬೆಳಗ್ಗೆ ಮೂರು ತಾಸು ಏನು ಕುಟ್ಟುತ್ತಿದ್ದರು? ಕೇಳಿದರೆ "ತಿದ್ತಾ ಇದೀನಿ" ಎನ್ನುತ್ತಿದ್ದರು. ನಾನು ಹೋದಾಗ ಪರದೆಯನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಒಂದು ಸಲ ಹೋದರೆ ಮನೆಯಲ್ಲೇ ಇರಲಿಲ್ಲ. ಚಿಕ್ಕಮ್ಮ ಕಾಲು ನೀವಿಕೊಳ್ಳುತ್ತ, "ಮೂರ್ ದಿನ ಆತು ಕಣಪ್ಪ, ಹೊಳಲ್ಕೆರೆ ಕಡಿಕೆ ಹೋಗವ್ರೆ. ಅದ್ಯಾವ್ದೋ ಬಾವಿ ಯಾವ ಪಕ್ಕ ಇತ್ತು ಅಂತ ನೋಡ್ಕಂಡು ಬರ್ತಾರಂತೆ. ಈ ವಯಸ್ಸಿಗೆ ನಡೀತಾ ಹೋದ್ರೆ ಮಂಡಿ ಕೇಳ್ತವಾ?" ಎಂದರು. ಬರೆದಿಟ್ಟದ್ದು ಇದ್ದರೆ ಬಾವಿಯನ್ನು ಮತ್ತೆ ಯಾಕೆ ನೋಡಬೇಕು? ಡಬ್ಬಿಯಲ್ಲಿದ್ದ ಗಂಟಿನಲ್ಲಿ ಏನಿದೆ, ಏನಾದರೂ ಇದೆಯೇ ಎಂದು ನನ್ನ ತಲೆಯಲ್ಲಿ ಹುಳ ಬಿತ್ತು. ದಾರ ಬಿಚ್ಚಿ ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೂರು ವರ್ಷದಲ್ಲಿ ಹತ್ತಾರು ಸಲ ಡಬ್ಬಿ ಇಳಿಸಿದ್ದೇನೆ, ಬಿಚ್ಚದೆ ತಿರುಗಿ ಇಟ್ಟಿದ್ದೇನೆ. ಅದು ನನ್ನ ದೊಡ್ಡತನವೆಂದು ತಿಳಿಯಬೇಡಿ. ಅದರಲ್ಲಿ ಏನೂ ಇಲ್ಲದಿದ್ದರೆ ನಾನು ಮಾಡಿದ ಪಾಪ ಮತ್ತೆ ಜೀವ ಪಡೆಯುತ್ತದೆಂಬ ಹೆದರಿಕೆ, ಅಷ್ಟೇ. ಜೊತೆಗೆ, ಆ ಮನುಷ್ಯನ ಒಂದು ಮಾತನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟವೂ ಇತ್ತು.

ಮೊನ್ನೆ ಪ್ಲಗ್ ಕಿತ್ತು, ಡಬ್ಬಿ ನೋಡಿದ ಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಕೆಂಪು ಚೌಕ ಬಂದದ್ದನ್ನೂ ಪ್ಲಗ್ ಕಿತ್ತದ್ದನ್ನೂ ಹೇಳಿದೆ.

"ನಂಬರಿಗೆ ಫೋನ್ ಮಾಡ್ಲಿಲ್ವಾ?"

"ಇಲ್ಲ."

"ಯಾವೂರು ಅಂತ ಕೇಳ್ಬೇಕು ಅನ್ಸಲಿಲ್ವಾ?" ನಗುತ್ತಿದ್ದರೆಂದು ಕಾಣುತ್ತದೆ.

"ಬಿಡ್ರಿ ಚಿಕ್ಕಪ್ಪ."

ಆಮೇಲೆ, "ಗಂಟು ಐತಾ?" ಎಂದರು.

"ಐತೆ. ಬಿಚ್ಚಿಲ್ಲ."

"ಗೊತ್ತು ಬಿಡು. ಬಿಚ್ಚಿದ್ರೆ ನೀನು ಖಾಲಿ ಐತಲ್ರೀ ಅಂತ ಬಾಯಿ ಬಡ್ಕಂತಾ ಅವತ್ತೇ ಓಡಿ ಬರ್ತಿದ್ದೆ." ಒಂದು ಸಣ್ಣ ಕೆಮ್ಮು. "ಈ ಭಾನುವಾರ ಅದನ್ನ ತಗಂಡು ಬಾ. ಅದರಾಗೆ ತುಂಬೋದು ಈಗ ಬರೆದು ಮುಗೀತು."

ಮೂರು ವರ್ಷ ನಾನು ಕಾದದ್ದು ಖಾಲಿ ಪೆನ್‌ಡ್ರೈವನ್ನು. ಹೊಳಲ್ಕೆರೆಯ ಬೀಗರ ಹತ್ತಿರ ಏನೂ ಇರಲಿಲ್ಲ. ನಾನು ಅನ್ನ ಬಿಟ್ಟಿದ್ದೇನೆಂದು ಯಾರಿಂದಲೋ ಕೇಳಿ ಬಸ್ಸು ಹತ್ತಿ ಬಂದು ನನ್ನ ಕೈಗೆ ಒಂದು ಸುಳ್ಳು ಕೊಟ್ಟು, ವಾಪಸು ಹೋಗಿ ಆ ಮುದುಕ ಮೊದಲ ಪುಟದಿಂದ ಮತ್ತೆ ಒಂದೇ ಬೆರಳಲ್ಲಿ ಶುರುಮಾಡಿದ್ದ.

"ಚಿಕ್ಕಪ್ಪ..." ಎಂದೆ.

"ಅಳಬೇಡ್ವೋ. ಮೊದಲು ಬರೆದಾಗ ಎರಡು ಬಾವಿ ಬಿಟ್ಟಿದ್ದೆ. ಈ ಸಲ ಹೋಗಿ ನೋಡ್ಕಂಡು ಬಂದು ಸೇರಿಸಿದೀನಿ. ಹುಣಸೆಮರ ಇನ್ನೂ ಐತೆ. ನಿನ್ನ ಕರ್ಕಂಡು ಹೋಗಿ ತೋರಿಸ್ತೀನಿ, ಹೋಗಾಣ."

ನಾಳೆ ಭಾನುವಾರ. ಮೊದಲ ಬಸ್ಸಿಗೇ ಹೊರಡುತ್ತೇನೆ. ಗಂಟನ್ನು ಡಬ್ಬಿಯಿಂದ ತೆಗೆದು ಅಂಗಿಯ ಒಳಜೇಬಿಗೆ ಹಾಕಿ, ಜೇಬಿನ ಬಾಯಿಗೆ ಪಿನ್ನು ಚುಚ್ಚಿಟ್ಟಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರು ಯಾರೇ ಇರಲಿ, ಯಾವೂರೆಂದು ಕೇಳುತ್ತೇನೆ, ಯಾರ ಪೈಕಿ ಎಂದು ಕೇಳುತ್ತೇನೆ, ಅವರೂರಿನ ಕೆರೆಯಲ್ಲಿ ಈಗ ನೀರೆಷ್ಟಿದೆ ಎಂದೂ ಕೇಳುತ್ತೇನೆ.